ಮುಂಚೆ ಬಂದ ದನಿ

"ಇವನನ್ನೂ ಕರೆದಿದ್ದೀಯಾ?"

ಸಜಿನಳ ಮನೆಯಂಗಳದಲ್ಲಿ ನಿಧಿನ್‌ನನ್ನು ಕಂಡದ್ದೇ ವೀಣಾ ಬಾಗಿಲಲ್ಲೇ ನಿಂತಳು. ಅವನ ಕೈಯಲ್ಲಿ ತಾಳ ಹಾಕುವ ಅದೇ ಜೋಡಿ ಕೋಲು... ಹಳೇ ಕಾಫಿ ಗಿಡದ ಕಾಂಡ ಕಡಿದು ಅವನೇ ಮಾಡಿಕೊಂಡದ್ದು.

"ನನ್ನ ಮದುವೇಲಿ ನಾವು ಮೂವರೂ ಹಾಡ್ಲೇಬೇಕು ಚೇಚಿ. ಒಂದೇ ಹಾಡು!" ವೀಣಾಳನ್ನು ಅಕ್ಕನೆಂದೇ ಕರೆಯುವ ಸಜಿನ ಅವಳ ಕೈ ಹಿಡಿದಳು.

ಪುಲ್ಪಳ್ಳಿಯ ಈ ಮೂವರ ತಂಡದ ಹೆಸರು 'ಕಾಫಿ ಹೂವು'. ಕ್ಯೂಬಾದ ತಾಳ, ಅದರ ಮೇಲೆ ಅಮೆರಿಕದ ಸೋಲ್ ಹಾಡುಗಳಂತೆ ಹೆಣೆದುಕೊಳ್ಳುವ ಮೂರು ದನಿ. ಹೆಸರಿಡುವಾಗಲೇ ಯೋಚಿಸಬೇಕಿತ್ತು, ಕಾಫಿ ಹೂವು ಎಷ್ಟು ದಿನ ನಿಲ್ಲುತ್ತದೆ? ಮಳೆಗಾಲದಲ್ಲಿ ಹುಟ್ಟಿದ ತಂಡ ಕಾಳುಮೆಣಸಿನ ಕೊಯ್ಲಿಗೆ ಮುಗಿದೇಹೋಯಿತು.

ಮುಗಿಸಿದವಳು ವೀಣಾ. ಕಲ್ಪೆಟ್ಟದ ವೇದಿಕೆಯಲ್ಲಿ ಅವಳೊಬ್ಬಳೇ ಹಾಡುವ ಸಾಲು ಬಂದಾಗ ನಿಧಿನ್ ಕೋಲು ನಿಲ್ಲಿಸಿಬಿಟ್ಟಿದ್ದ. ತುಂಬಿದ ಸಭೆಯಲ್ಲಿ ನಡುನೀರಿನಲ್ಲಿ ಕೈಬಿಟ್ಟನಲ್ಲ! ಅದೂ, ತಾನು ಒಳಗೊಳಗೇ ಮನಸ್ಸು ಕೊಟ್ಟವನು! ಆಮೇಲೆ ಅವಳು ಅವನ ಫೋನ್ ಎತ್ತಲೇ ಇಲ್ಲ.

ಮದುಮಗಳ ಮಾತು ಮೀರಲಾಗದೆ ವೀಣಾ ಅಂಗಳದಲ್ಲೇ ಅಭ್ಯಾಸಕ್ಕೆ ನಿಂತಳು. ಸಜಿನಳ ಚಪ್ಪಾಳೆಯೊಂದಿಗೆ ಕೋಲು ಶುರುವಾಯಿತು. ಚಪ್ಪಾಳೆಗೂ ಕೋಲಿಗೂ ಒಂದೇ ಲೆಕ್ಕ: ಒಮ್ಮೆ ಮೂರು ಏಟು, ಒಮ್ಮೆ ಎರಡು. ಎರಡರ ಸರದಿಯಲ್ಲೇ ದನಿ ಸೇರಬೇಕು. ವೀಣಾ ಕಣ್ಣು ಮುಚ್ಚಿ ಹಾಡು ಎತ್ತಿದಳು.

ಕೋಲು ನಿಂತಿತು.

"ನೋಡಿದ್ಯಾ? ಮತ್ತೆ ಅದೇ!"

"ಅವನಲ್ಲ ಚೇಚಿ, ನೀನು!" ಸಜಿನ ಚಪ್ಪಾಳೆ ನಿಲ್ಲಿಸಿರಲಿಲ್ಲ. "ಕೇಳು... ನನ್ನ ಚಪ್ಪಾಳೆ ಇನ್ನೂ ಮೂರರಲ್ಲೇ ಇದೆ. ನೀನು ಆಗ್ಲೇ ಬಂದಾಯ್ತು."

ವೀಣಾ ಕಿವಿಗೊಟ್ಟಳು. ಹೌದು... ಮುಂಚೆ ಬಂದವಳು ತಾನೇ! ನಿಧಿನ್ ಒಂದು ಕ್ಷಣ ತಡೆದು, ತಾಳವನ್ನೇ ತಿರುಗಿಸಿ, ಮೂರರ ಜಾಗಕ್ಕೆ ಎರಡನ್ನು ತಂದು ಅವಳ ದನಿಗೆ ಹೊಂದಿಸಿಕೊಳ್ಳಲು ಹೊರಟಿದ್ದ. ಹಿಡಿದ ತಾಳ ತಿರುಗಿಸಬಾರದು ಎಂದು ಅವಳಿಗೆ ಕಲಿಸಿದವನೇ ಅವನು.

"ಕಲ್ಪೆಟ್ಟದಲ್ಲೂ... ಇದೇನಾ?"

ನಿಧಿನ್ ಹೌದೆಂದು ತಲೆಯಾಡಿಸಿದ.

"ಎಲ್ಲರೂ ನಿನ್ನನ್ನೇ ಬೈದ್ರು. ಸುಮ್ನೆ ಯಾಕಿದ್ದೆ?"

"ಸಾರಮಿಲ್ಲ, ಪರವಾಗಿಲ್ಲ ಬಿಡು. ಅವರು ನಿನ್ನ ಬೈಯೋದಕ್ಕಿಂತ ವಾಸಿ ಅಲ್ವಾ?" ಅವಳಿಂದಲೇ ಕಲಿತ ಕನ್ನಡದಲ್ಲಿ ಹೇಳಿದ. "ನಿಂಗಾದ್ರೂ ಹೇಳೋಣ ಅಂದ್ರೆ, ನೀನು ಫೋನ್ ಎತ್ತಿದ್ರೆ ತಾನೆ!"

ವೀಣಾಳ ಕಣ್ಣು ತುಂಬಿತು. ಇಷ್ಟು ದಿನ ಸುಮ್ಮನೆ ದ್ವೇಷಿಸಿದೆನಲ್ಲ! ಸಜಿನ ಚಹಾ ತರುವ ನೆಪ ಹೇಳಿ ಒಳಗೆ ಹೋದಳು.

"ವೀಣಾ, ಒಂದು ಮಾತು ಹೇಳ್ಬೇಕಿತ್ತು. ತಂಡ ಶುರುವಾದಾಗಿಂದ..."

"ನಂಗೆ ನೀನಂದ್ರೆ ಇಷ್ಟ!" ಎಂದುಬಿಟ್ಟಳು ವೀಣಾ.

ನಿಧಿನ್ ಬಾಯಿ ತೆರೆದವನು ಹಾಗೇ ನಕ್ಕ.

"ಮತ್ತೆ ಮುಂಚೇನೇ ಬಂದ್ಯಲ್ಲೇ!"

"ಬಂದೆ... ತಾಳ ತಿರುಗಿಸ್ಕೋ."