ಹೊಸ ರೌಟರ್‌ನ ಹಳೆಯ ಪಾಸ್‌ವರ್ಡ್

ಮನೆಮನೆಗೆ ಹೋಗಿ ರೌಟರ್ ಕೂರಿಸುವುದು ನನ್ನ ಕಸುಬು, ಕಥೆ ಕಟ್ಟುವುದಲ್ಲ. ಅವತ್ತು ಮಟಮಟ ಮಧ್ಯಾಹ್ನ, ಬಟ್ಟೆ ಹೊಲಿಯುವ ಹಿರಿಯ ಹೆಂಗಸೊಬ್ಬರ ಮನೆಯಲ್ಲಿ ಹೊಸ ಪೆಟ್ಟಿಗೆಯ ಸೀಲನ್ನು ನಾನೇ ಕತ್ತರಿಸಿದೆ. ಒಳಗಿನ ರೌಟರ್ ಬೆಚ್ಚಗಿತ್ತು, ಯಾರೋ ಈಗಷ್ಟೇ ಮಡಿಲಿಂದ ಇಳಿಸಿದ ಹಾಗೆ. ಬಿಸಿಲಿಗೆ ಇರಬೇಕು ಅಂದುಕೊಂಡೆ.

ತಳದಲ್ಲಿ ಅಂಟಿಸಿದ್ದ ಕಂಪನಿಯ ಪಾಸ್‌ವರ್ಡ್ ಹಾಕಿದೆ. ಈಗ ಹೊಸದನ್ನು ಇಡಿ ಎಂದು ಪರದೆ ಕೇಳಿತು.

"ನೀವೇ ಒತ್ತಿ ಅಮ್ಮಾ, ಯಾರಿಗೂ ಗೊತ್ತಿರದ ಪದ ಇರಲಿ," ಎಂದು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದೆ.

ಅವರು ನಿಧಾನವಾಗಿ ಒತ್ತಿದರು. 'ಇದು ಹಿಂದೆ ಬಳಸಿದ ಪಾಸ್‌ವರ್ಡ್, ಬೇರೆ ಕೊಡಿ' ಎಂದು ಬಂತು.

"ಏನು ಹಾಕಿದ್ರಿ?"

"ನಮ್ಮಮ್ಮ ನನ್ನನ್ನ ಕರೀತಿದ್ದ ಹೆಸರಪ್ಪ. ಅವಳು ಹೋದ್ಮೇಲೆ ಅದನ್ನ ಯಾರೂ ಬಾಯಲ್ಲಿ ಅಂದಿಲ್ಲ." ಅವರ ದನಿ ಇಳಿದಿತ್ತು.

ಹಾಳಾದ್ದು ಕೆಟ್ಟಿದೆ ಎಂದು ಗೊಣಗಿ, ರೌಟರ್ ಬೆನ್ನಿನ ರೀಸೆಟ್ ಗುಂಡಿ ಒತ್ತಿ ಒಳಗಿದ್ದ ಎಲ್ಲವನ್ನೂ ಅಳಿಸಿದೆ. ಮೊದಲಿಂದ ಶುರು ಮಾಡಿ ಈ ಸಲ ನಾನೇ ಕೂತೆ. ನೋಡಿಯೇಬಿಡೋಣ ಎಂದು, ತೀರಿಕೊಂಡ ನಮ್ಮಕ್ಕ ನನ್ನನ್ನು ಛೇಡಿಸಲು ಇಟ್ಟಿದ್ದ ಅಡ್ಡಹೆಸರನ್ನು ತುಟಿ ಅಲ್ಲಾಡಿಸದೆ ಒತ್ತಿದೆ.

ಅದೇ ಸಾಲು ಬಂತು.

"ನೀನೇನು ಹಾಕಿದೆಯಪ್ಪಾ?"

"ಸುಮ್ನೆ ಏನೋ ಅಂಕಿ," ಎಂದು ವೈರ್ ಕಿತ್ತೆ.

ಅವರಿಗೆ ಬೇರೆ ರೌಟರ್ ಕೊಟ್ಟೆ, ಅದು ಚೆನ್ನಾಗಿ ಓಡುತ್ತಿದೆ. ಇದು ನಮ್ಮ ಅಂಗಡಿಯ ಕಪಾಟಿನಲ್ಲಿದೆ. ಇದಕ್ಕೆ ಕರೆಂಟು ಕೊಟ್ಟು ವರ್ಷದ ಮೇಲಾಯಿತು. ಇವತ್ತು ಬೆಳಿಗ್ಗೆ ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿದೆ.