ದೀಪಾಳ ಹೆಸರಿನಲ್ಲಿ ಕುಟ್ಟಿದ ಸೀಗೆಪುಡಿ

“ಯವ್ವಾ ಕಾಜಲ್, ಆ ಡಬ್ಬಿ ಮುಟ್ಟಬ್ಯಾಡ. ಅದು ದೀಪಾನ ಹೆಸರಿಲೆ ಕುಟ್ಟಿದ ಪುಡಿ. ನಿನ್ನ ತಲಿಗೆ ಬಿತ್ತಂದ್ರ ತಲಿ ನಿಂದಾಗಿ ಉಳಿಯಂಗಿಲ್ಲ.”

“ಆಯಿ, ಸೀಗಿಕಾಯಿಗೂ ಆಧಾರ್ ಕಾರ್ಡ್ ಮಾಡ್ಸೀರೇನ್ರಿ?”

ಒರಳಿನ ಮುಂದೆ ಕೂತಿದ್ದ ಗಂಡನ ಅಜ್ಜಿ ಮುದಕವ್ವ ಆಯಿಯ ಮಾತಿಗೆ, ಅಂಕಲಗಿಯ ಆ ಮನೆಯ ಹೊಸ ಸೊಸೆ ಕಾಜಲ್ ಎಷ್ಟು ನಕ್ಕಳೆಂದರೆ ದೊಡ್ಡಿಯಲ್ಲಿದ್ದ ನೂರು ಕುರಿಗಳೂ ಮೇವು ಬಿಟ್ಟು ತಲೆ ಎತ್ತಿದವು.

ನಗು ತುಟಿಯ ಮೇಲೆ ಮಾತ್ರ. ಒಳಗೆ ಅವಳ ಹೊಟ್ಟೆ ಉರಿಯುತ್ತಿದ್ದ ರಭಸಕ್ಕೆ ಹತ್ತು ಹಂಡೆ ನೀರು ಕಾಯುತ್ತಿತ್ತು. ಗೋಕಾಕದ ಪಾರ್ಲರಿನಲ್ಲಿ ಕೂದಲು ನೆಟ್ಟಗೆ ಮಾಡಿಸಿಕೊಂಡ ಮೇಲೆ ಅವಳಿಗೆ ಉಳಿದ ಜಡೆಯನ್ನು ಕಂಡರೆ ಇಲಿಯ ಬಾಲವೂ ಬೀಗಬೇಕು. ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ ದೀಪಾಳದೋ! ಅವಳು ತಲೆ ಎರೆದುಕೊಂಡು ಅಂಗಳದಲ್ಲಿ ಕೂದಲು ಹರಡಿದರೆ ಮೋಡ ಕವಿಯಿತೆಂದು ಓಣಿಯವರು ಹಪ್ಪಳ ಒಳಗೆ ಎತ್ತಿಡುತ್ತಿದ್ದರು. ಗಂಡ ವಿಶಾಲ ಕೂಡ ರೊಟ್ಟಿ ಮುರಿಯುತ್ತಾ, “ಕೂದಲಂದ್ರ ನಮ್ಮ ವೈನೀದು ನೋಡು!” ಎಂದಿದ್ದ. ಆ ಮಾತು ಕಾಜಲ್‌ಳ ಗಂಟಲಲ್ಲಿ ಮೂರು ದಿನ ನಿಂತಿತ್ತು. ಇನ್ನು ಎಂಟು ದಿನಕ್ಕೆ ಹುಕ್ಕೇರಿಯಲ್ಲಿ ನೆಂಟರ ಮದುವೆ. ಅಲ್ಲಿ ದೀಪಾಳ ಪಕ್ಕ ಈ ಇಲಿಬಾಲ ಹೊತ್ತು ನಿಲ್ಲುವುದಕ್ಕಿಂತ ಘಟಪ್ರಭೆಗೆ ಹಾರುವುದೇ ವಾಸಿ ಎನಿಸಿತ್ತು ಅವಳಿಗೆ.

ಆ ಮನೆಯಲ್ಲಿ ಒಬ್ಬಳ ಪುಡಿ ಇನ್ನೊಬ್ಬಳು ಹಚ್ಚುವಂತಿಲ್ಲ. ಸೀಗೆ, ಅಂಟವಾಳ, ಮೆಂತ್ಯ, ಒಣ ನೆಲ್ಲಿ, ದಾಸವಾಳದೆಲೆ ಎಲ್ಲರಿಗೂ ಒಂದೇ. ಆದರೆ ಆಯಿ, ಬಾಚುವಾಗ ಉದುರಿದ ಕೂದಲನ್ನು ವರ್ಷವಿಡೀ ಕೂಡಿಟ್ಟು, ಸುಟ್ಟು, ಆ ಬೂದಿಯನ್ನು ಆಯಾ ಹೆಣ್ಣಿನ ಪುಡಿಗೇ ಬೆರೆಸುತ್ತಿದ್ದಳು. ಒನಕೆಯ ಒಂದೊಂದು ಏಟಿಗೂ ಅವಳ ಹೆಸರು ಕರೆಯುತ್ತಿದ್ದಳು.

ದೀಪಾ ಹೊಲಕ್ಕೆ ಬುತ್ತಿ ಒಯ್ದ ಮಧ್ಯಾಹ್ನ ಕಾಜಲ್ ಡಬ್ಬಿಯ ಅರ್ಧ ಪುಡಿ ಕದ್ದಳು. ಗೊತ್ತಾಗದಿರಲೆಂದು ಕಡಲೆಹಿಟ್ಟು ಬೆರೆಸಿಟ್ಟಳು.

ಮೊದಲ ಸಲ ಎರೆದುಕೊಂಡಾಗ ಕೂದಲು ಸೊಂಟಕ್ಕೆ ಬಂತು. ಎರಡನೆಯ ಸಲ ಮೊಣಕಾಲಿಗೆ. ಮೂರನೆಯ ಸಲದ ಹೊತ್ತಿಗೆ ಗೋಕಾಕದ ಬಸ್ಸು ಅವಳ ಜಡೆ ರಸ್ತೆ ದಾಟಲಿ ಎಂದು ನಿಂತು ಕಾಯಿತು! ವಿಶಾಲ ಬಾಯಲ್ಲಿಟ್ಟ ರೊಟ್ಟಿ ಜಗಿಯುವುದನ್ನೇ ಮರೆತ. ಕಾಜಲ್ ಅಂಗಳದಲ್ಲಿ ಬೇಕೆಂದೇ ನಾಲ್ಕು ಸುತ್ತು ಹೆಚ್ಚಿಗೆ ಹಾಕಿದಳು. ದೀಪಾ ಹತ್ತಿರ ಬಂದು ಆ ಕೂದಲನ್ನು ಒಮ್ಮೆ ಮೂಸಿ ನೋಡಿ ಹೋದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಕಾಜಲ್ ನಾಲ್ಕನೆಯ ಸಲ ಬಚ್ಚಲಿಗೆ ಹೋದಳು. ಕಿಟಕಿಯಿಲ್ಲದ ಬಚ್ಚಲು. ನೀರೊಲೆಯಲ್ಲಿ ಹಸಿ ಬೇವಿನ ಕಟ್ಟಿಗೆಯ ಕಹಿ ಹೊಗೆ. ತಲೆತುಂಬ ಪುಡಿ ಹಚ್ಚಿದ್ದಳು, ಕರೆಂಟು ಹೋಯಿತು. ಕತ್ತಲೆಂದರೆ ಕೈಯಲ್ಲಿ ಹಿಡಿದು ಹಿಂಡಬಹುದಾದ ಕತ್ತಲು. ಸೀಗೆಯ ಘಾಟಿನೊಳಗಿಂದ ಇನ್ನೊಂದು ವಾಸನೆ ಎದ್ದಿತು. ಸುಟ್ಟ ಕೂದಲಿನದು.

ಹೊರಗೆ ಅಂಗಳದಲ್ಲಿ ಹಣಿಗೆಯ ಸದ್ದು. ಸರ್‍ರ್... ಸರ್‍ರ್... ದೀಪಾ ತಲೆ ಬಾಚಿಕೊಳ್ಳುತ್ತಿದ್ದಳು.

ಸರ್‍ರ್. ಕಾಜಲ್‌ಳ ತಲೆ ಹಿಂದಕ್ಕೆ ವಾಲಿತು.

ಸರ್‍ರ್. ಮತ್ತೆ ವಾಲಿತು. ಹಿಂದೆ ಯಾರೂ ಇರಲಿಲ್ಲ. ಬರೀ ಗೋಡೆ.

ಅಂಗಳದಲ್ಲಿ ಹಣಿಗೆ ನಿಂತಿತು. ಒಳಗೆ ಕಾಜಲ್‌ಳ ಒದ್ದೆ ಕೂದಲು ತಾನಾಗಿ ಮೂರು ಪಾಲಾಯಿತು. ಒಂದರ ಮೇಲೊಂದು ಹಾಯ್ದಿತು. ಹೆಣೆಯಿತು. ಭುಜ ಏರಿತು. ಕುತ್ತಿಗೆ ಸುತ್ತಿತು. ಒಂದು ಸುತ್ತು. ಎರಡು. ಉಸಿರಿಲ್ಲ. ದನಿಯಿಲ್ಲ. ಕಾಲಿಂದ ತಂಬಿಗೆ ಒದ್ದಳು. ಅದು ಠಣಠಣ ಉರುಳಿತು.

ಸದ್ದಿಗೆ ಆಯಿ ಕದ ನೂಕಿ ಬಂದಳು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದು ಜಡೆಯ ತುದಿಗೆ ಹಚ್ಚಿದಳು. ಕಚಕ್! ಕೂದಲ ತುದಿಯಿಂದ ರಕ್ತ ಚಿಮ್ಮಿತು. ಆಯಿ ಕತ್ತರಿ ಬಿಸಾಕಿದಳು.

“ದೀಪಾ! ಬಾ ಬೇ, ಜೀವ ಹೋಗಾಕತ್ತೈತಿ! ಬಿಡ್ಸಿದ್ರ ನೀನ ಬಿಡ್ಸಬೇಕು!”

ದೀಪಾ ಅವಸರ ಮಾಡಲಿಲ್ಲ. ಹೊಸ್ತಿಲಲ್ಲಿ ನಿಂತು, ಆಗಷ್ಟೇ ಹೆಣೆದಿದ್ದ ತನ್ನ ಜಡೆಯ ಒಂದು ಎಳೆ ಸಡಿಲಿಸಿದಳು. ಕಾಜಲ್‌ಳ ಗಂಟಲಿಗೆ ಒಂದೇ ಒಂದು ಉಸಿರು ಇಳಿಯಿತು.

“ಅಕ್ಕಾ... ತಪ್ಪಾತ್ರಿ...”

“ಕೇಳಿದ್ರ ನಿನ್ನ ಹೆಸರಿಲೆ ಬ್ಯಾರೆ ಕುಟ್ಸಿ ಕೊಡತಿದ್ನಲ್ಲ ತಂಗಿ,” ಎಂದಳು ದೀಪಾ, ಮೆಲ್ಲಗೆ. “ನೀ ಬಂದಾಗಿಂದ ಈ ಮನ್ಯಾಗ ಕಾಜಲ್ ನಕ್ರ ಚಂದ, ಕಾಜಲ್ ಕುಂತ್ರ ಚಂದ. ನನಗ ಅಂತ ಇದ್ದದ್ದು ಕೂದಲೊಂದ. ಅದಕ್ಕೂ ಕೈ ಹಾಕಿದ್ಯಲ್ಲ?”

ಅಷ್ಟು ದಿನ ತನ್ನದೊಂದೇ ಹೊಟ್ಟೆ ಉರಿಯುತ್ತಿದೆ ಎಂದುಕೊಂಡಿದ್ದ ಕಾಜಲ್‌ಗೆ ಆಗ ತಿಳಿಯಿತು. ತಡವಾಗಿ ತಿಳಿಯಿತು. ದೀಪಾ ತನ್ನ ಜಡೆ ಪೂರ್ತಿ ಬಿಚ್ಚಿದ ಮೇಲೆಯೇ ಅವಳ ಕುತ್ತಿಗೆಯ ಸುತ್ತೂ ಬಿಚ್ಚಿತು.

ಮರುದಿನ ಹುಕ್ಕೇರಿಯ ಮದುವೆಮನೆಯಲ್ಲಿ ಹೆಂಗಸರೆಲ್ಲ ಕಾಜಲ್‌ಳನ್ನೇ ಮುತ್ತಿದರು. “ಏನ್ ಕೂದಲವಾ ಇದು! ದೀಪಾನ ಮೀರಿಸಿಬಿಟ್ಟೆಲ್ಲ! ತಲಿಗೆ ಏನ್ ಹಚ್ಚತಿ?”

ಅವಳು ಬಯಸಿದ್ದ ಮಾತು, ಬಯಸಿದಷ್ಟೇ ಮಂದಿಯ ಮುಂದೆ. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ, ಪಕ್ಕದ ಕುರ್ಚಿಯಲ್ಲಿ ಊಟ ಮುಗಿಸಿ ಕೂತಿದ್ದ ದೀಪಾ ತನ್ನ ಜಡೆಯ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಳು. ಬರೀ ಒಂದು ಸುತ್ತು.

ಕಾಜಲ್ ಎದ್ದಳು. ಯಾರೂ ಹೇಳದಿದ್ದರೂ ದೀಪಾ ಉಂಡ ಎಲೆ ಎತ್ತಿಕೊಂಡು ನಡೆದಳು.