ಚಂಚಿಯೊಳಗಿನ ಪರವಾನಗಿ

“ಅವ್ವಾ... ನನ್ನ ಕಾರ್ಡು ಇಲ್ಲ!”

ಗಂಗಾಂಬಿಕೆ ಪಡಸಾಲೆಯ ನಡುವೆ ಬ್ಯಾಗನ್ನು ಬುಡಮೇಲು ಮಾಡಿ ಸುರುವಿಕೊಂಡು ಕೂತಿದ್ದಳು. ಎಂಟಕ್ಕೆ ಬಿದ್ದ ಬಸುರಿ. ಬಗ್ಗಲು ಬಾರದು, ಏಳಲು ಬಾರದು. ಸೀರೆ, ಸ್ವೆಟರು, ಗುಳಿಗೆಯ ಚೀಟಿ, ಪಾಸ್‌ಪೋರ್ಟು ಎಲ್ಲ ಇದ್ದವು, ಬೇಕಾದದ್ದೊಂದು ಇರಲಿಲ್ಲ. ನಾಳೆ ರಾತ್ರಿ ಮುಂಬೈಯಿಂದ ವಿಮಾನ! ಅವಳ ಕೂಗಿಗೆ ಹಿಂದಿನ ಕೋಣೆಯಲ್ಲಿ ಖಟಾಖಟ ಓಡುತ್ತಿದ್ದ ಮಗ್ಗ ನಿಂತಿತು. ಅಣ್ಣ ಮಲ್ಲಿನಾಥ ಮೈಮೇಲಿನ ನೂಲಿನ ಧೂಳು ಝಾಡಿಸುತ್ತ ಓಡಿಬಂದ. ಅವನ ಹೆಂಡತಿ ಶ್ರೀದೇವಿ ನೂಲು ಸುತ್ತುತ್ತಿದ್ದ ಕಂಡಿಕೆಯನ್ನು ಅಲ್ಲಿಯೇ ಬಿಟ್ಟು ಬಂದಳು. ಅಡುಗೆಮನೆಯ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಭಾಗವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅವಳ ಎಡಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ!

ಹೌದು, ಕಾರ್ಡು ಅಲ್ಲಿಯೇ ಇತ್ತು. ಭಾಗವ್ವನ ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆಯ ಚಂಚಿಯೊಳಗೆ, ಸುಣ್ಣದ ಡಬ್ಬಿಯ ಬೆನ್ನಿಗೆ. ನಿನ್ನೆ ಸಂಜೆ ಮಗಳು ಬಚ್ಚಲಿಗೆ ಹೋದಾಗ ಬ್ಯಾಗಿನಿಂದ ತೆಗೆದು ಇಟ್ಟುಕೊಂಡವಳು ಅವಳೇ. ಅಂದಿನಿಂದ ಕೂತರೆ ಚುಚ್ಚುತ್ತದೆ, ಬಗ್ಗಿದರೆ ಚುಚ್ಚುತ್ತದೆ.

ಹಾಗಾದರೆ ಭಾಗವ್ವ ಕೆಟ್ಟವಳೇ? ಅಯ್ಯೋ, ಅಷ್ಟು ಸಲೀಸಾಗಿ ಹೇಳುವ ಮಾತೇ ಅದು! ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಬಟ್ಟೆಯ ವಿದ್ಯೆ ಕಲಿಯಲೆಂದು ಪೋಲಂಡಿಗೆ ಹೋದಳು. ಅಲ್ಲಿಯೇ ಒಂದು ಮಗ್ಗದ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು, ಅಲ್ಲಿಯವನೇ ಆದ ತೋಮಾಶ್ ಎಂಬವನನ್ನು ಮದುವೆಯೂ ಆದಳು. ಸುದ್ದಿ ಕೇಳಿ ಭಾಗವ್ವ ರೊಟ್ಟಿ ಮುಟ್ಟದೆ ಅತ್ತಳು. ಆಮೇಲೆ ಆ ಬಿಳಿ ಅಳಿಯ ಫೋನಿನಲ್ಲಿ ಹಲ್ಲು ಕಿರಿದು, “ಅವ್ವಾ, ಊಟ ಆತ್ರಿ?” ಎಂದಾಗ ಕರಗಿಯೂ ಹೋದಳು. ಎಲ್ಲ ನುಂಗಿಕೊಂಡವಳು ಒಂದನ್ನು ಮಾತ್ರ ನುಂಗಲಾರಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು! ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಬಂದ ಮಗಳು ಹಡೆದೇ ಹೋಗುತ್ತಾಳೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬಾಣಂತಿಯ ಅಂಟಿನುಂಡೆಗೆ ಅಂಟು ತರಿಸಿದ್ದಳು, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಇಟ್ಟಿದ್ದಳು. ಆ ಪರದೇಶದಲ್ಲಿ ಯಾರು ಬೆನ್ನಿಗೆ ಬಿಸಿನೀರು ಹಾಕುವವರು? ನೋವು ತಿನ್ನುವಾಗ ಅವ್ವಾ ಎಂದರೆ ತಿಳಿಯುವವರಾದರೂ ಯಾರು? ಕುಬಸ ಮುಗಿದ ದಿನವೇ ಮಗಳು, “ನಾ ಹೋಗಲೇಬೇಕವ್ವಾ” ಎಂದಿದ್ದಳು. ಕಾರ್ಡು ಸಿಗದಿದ್ದರೆ ಪ್ರಯಾಣ ನಿಂತೀತು ಎಂದಷ್ಟೇ ಭಾಗವ್ವ ಎಣಿಸಿದ್ದಳು.

“ಹೋದ್ರ ಹೋತು ಬಿಡವ್ವ. ಪಲಾಸ್ಟಿಕಿನ ತುಣುಕು. ಇನ್ನೊಂದು ಕೊಡ್ತಾರ,” ಎಂದಳು ಭಾಗವ್ವ, ಜೋಳದಿಂದ ಕಣ್ಣೆತ್ತದೆ.

“ಇನ್ನೊಂದು ಕೊಡಾಕ ಅದೇನು ರೇಷನ್ ಕಾರ್ಡೇನವ್ವಾ?” ಗಂಗಾ ಒದರಿದಳು. “ಅದು ನಾ ಅಲ್ಲಿ ಇರಾಕ ಪರವಾನಗಿ! ಆ ದೇಶದವನ ಹೆಂಡ್ತಿ ಅಂತ ಕೊಟ್ಟದ್ದು. ಬರೋ ತಿಂಗಳು ಅದರ ಮುದ್ದತ್ ಮುಗೀತೈತಿ. ಅದರೊಳಗ ನಾ ಅಲ್ಲೇ ಇದ್ದು ಹೊಸಾದಕ್ಕ ಅರ್ಜಿ ಹಾಕಬೇಕು. ಕಾರ್ಡು ಇಲ್ದ ಇಮಾನಾನೂ ಹತ್ತಿಸಿಕೊಳ್ಳಂಗಿಲ್ಲ. ಮತ್ತ ಇಲ್ಲಿಂದ ವೀಸಾಕ್ಕ ಅಲೆದಾಡೂದ್ರಾಗ ದಿನಾ ತುಂಬತಾವು. ತುಂಬಿದ ಬಸರೀನ ಯಾವ ಇಮಾನದವ್ರು ಒಯ್ತಾರ? ಕೂಸು ಇಲ್ಲಿ, ಅದರಪ್ಪ ಅಲ್ಲಿ! ಯಾವಾಗ ಮಾರಿ ನೋಡಬೇಕವ್ವಾ ಅಂವ?”

ಭಾಗವ್ವ ಜೋಳದ ಮೊರವನ್ನು ಬದಿಗಿಟ್ಟಳು. ಒಂದು ತುಣುಕಿಗೆ ಇಷ್ಟೆಲ್ಲ ಕಟ್ಟಿಕೊಂಡಿದೆ ಎಂದು ಅವಳಿಗೇನು ಗೊತ್ತು! ತಿರುಗಿ ಬ್ಯಾಗಿನಲ್ಲಿ ಹಾಕಿಬಿಡಲೇ? ಎಲ್ಲರ ಕಣ್ಣು ಆ ಬ್ಯಾಗಿನ ಮೇಲೆಯೇ ಇವೆ. ಇಲ್ಲಿಯೇ ಎಲ್ಲೋ ಸಿಕ್ಕಿತು ಎನ್ನಲೇ? ಕೊಟ್ಟರೆ ಮಗಳು ಹೋಗಿಬಿಡುತ್ತಾಳಲ್ಲ... ಎದ್ದಳು, ಕೂತಳು, ಒಲೆಯ ಮೇಲೆ ಏನೂ ಇಲ್ಲದೆ ಒಲೆ ಊದಿದಳು.

ಅಷ್ಟರಲ್ಲಿ ತೋಮಾಶ್‌ನ ಫೋನು ಬಂತು. ಪರದೆಯಲ್ಲಿ ಅತ್ತೆಯನ್ನು ಕಂಡೊಡನೆ ಎಂದಿನಂತೆ, “ಅವ್ವಾ, ಊಟ ಆತ್ರಿ?” ಎಂದ. ಗಂಗಾ ಅಳುತ್ತಾ ಅವನ ಭಾಷೆಯಲ್ಲಿ ಏನೋ ಹೇಳಿದಳು. ಅವನ ನಗು ಆರಿತು. ಫೋನು ಇಟ್ಟ ಮೇಲೆ ಅವಳೇ ಹೇಳಿದಳು, “ಅಲ್ಲಿ ಹೊಸಾ ಕಾರ್ಡು ಕೊಡೂ ಕಚೇರಿಯಾಗ ಇಬ್ರನ್ನೂ ಬ್ಯಾರೆ ಬ್ಯಾರೆ ಕೂಡಿಸಿ ಕೇಳ್ತಾರ. ಖರೇನ ಸಂಸಾರ ಮಾಡ್ತಾರೋ, ಬರೇ ಕಾಗದಕ್ಕ ಆದ ಲಗ್ನೋ ಅಂತ. ಹೆಂಡ್ತಿ ಚಹಾಕ್ಕ ಎಷ್ಟು ಸಕ್ಕರಿ, ಯಾವ ಮಗ್ಗಲಿಗೆ ಮಲಗ್ತಾಳ, ಎಲ್ಲಾ! ಹೆಂಡ್ತೀನ ಇಲ್ಲಂದ್ರ ಅಂವ ಏನು ಹೇಳ್ಬೇಕು? ಒಬ್ಬನ ಕುಂತು ಅಳಾಕತ್ತಾನ...”

“ಅಯ್ಯ ಶಿವನ! ಸಕ್ಕರಿ ಲೆಕ್ಕಾನೂ ಸರಕಾರಕ್ಕ ಬೇಕೇನ?” ಎನ್ನುತ್ತ ಒಳಗೆ ಬಂದವಳು ನೆರೆಮನೆಯ ಬೋರವ್ವ. ಓಣಿಯ ಸುದ್ದಿಗೆಲ್ಲ ಅವಳೇ ಟಪಾಲು. ಕಂಬಕ್ಕೆ ಒರಗಿ ಕೂತು, “ಭಾಗಕ್ಕಾ, ಒಂದು ಎಲಿ ಕೊಡ ಮೊದಲ. ಗಾಬರಿಗೆ ಬಾಯಿ ಒಣಗೇತಿ,” ಎಂದು ಕೈ ನೀಡಿದಳು.

“ಎಲಿ... ಎಲಿ ಇಲ್ಲ.”

“ಯವ್ವಾ! ನಿನ್ನ ಚಂಚಿಯಾಗ ಎಲಿ ಇಲ್ಲ? ನಾ ಹುಟ್ಟಿದಾಗಿಂದ ಈ ಮಾತು ಕೇಳಿಲ್ಲ!”

“ಇಲ್ಲಂದ್ರ ಇಲ್ಲ!” ಭಾಗವ್ವ ಕಿರುಚಿದಳು. ಕಿರುಚಿದ್ದಕ್ಕೆ ತಾನೇ ಹೆದರಿದಳು. ಬೋರವ್ವನ ಕಣ್ಣು ತನ್ನ ಸೊಂಟದ ಮೇಲಿಂದ ಕದಲುವುದಿಲ್ಲ ಎನ್ನಿಸಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ! ಆ ಗಾಬರಿಯಲ್ಲಿ ಬಾಯಿಂದ ಒಂದು ಮಾತು ಜಾರಿಬಿಟ್ಟಿತು. “ನನ್ನನ್ಯಾಕ ನೋಡ್ತೀ? ಗಂಗಾನ ಕ್ವಾಣಿ ಮುಂಜಾನೆ ಕಸಾ ಹೊಡದಾಕಿ ಯಾರು, ಆಕೀನ ಕೇಳ್ರಿ!”

ಆಡಿದ ಮಾತು, ಒಡೆದ ಮುತ್ತು... ತಿರುಗಿ ಬರುತ್ತದೆಯೇ? ಮುಂಜಾನೆ ಕಸ ಹೊಡೆದಿದ್ದ ಶ್ರೀದೇವಿ ಮುಂದೆ ಬಂದಳು.

“ನಾ ಯಾಕ ತೊಗೊಳ್ಳಲಿರಿ ಅತ್ತಿ?”

ಮಲ್ಲಿನಾಥನಿಗೆ ಮೊದಲೇ ತಲೆ ಕೆಟ್ಟಿತ್ತು. ತಂಗಿಯ ಅಳು, ತಾಯಿಯ ಕಿರುಚು, ಮೇಲೆ ಬೋರವ್ವನ “ಮನ್ಯಾನ ವಸ್ತು ಮನ್ಯಾಗ ಇರಬೇಕಲ್ಲ” ಎಂಬ ಒಗ್ಗರಣೆ. ದಡದಡ ಹೋಗಿ ಹೆಂಡತಿಯ ಟ್ರಂಕನ್ನು ಎಳೆದು ತಂದ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಅವನ ತಂದೆ ಮಲಕಾಜಪ್ಪ ಗಡಬಡಿಸಿ ಎದ್ದು, “ಮಲ್ಲ್ಯಾ, ಸೊಸಿ ಟ್ರಂಕಿಗೆ ಕೈ ಹಚ್ಚಬ್ಯಾಡೋ!” ಎನ್ನುವಷ್ಟರಲ್ಲಿ ಎಲ್ಲ ನೆಲದ ಮೇಲೆ ಸುರಿದಿತ್ತು. ಎರಡು ಸೀರೆ, ಒಂದು ಕನ್ನಡಿ, ಮಡಿಕೆ ಬಿಚ್ಚದ ಒಂದು ಸಣ್ಣ ಕೌದಿ.

ಬೇರೆ ಏನೂ ಇರಲಿಲ್ಲ. ಇರುವುದಿಲ್ಲ ಎಂದು ಆ ಮನೆಯಲ್ಲಿ ಒಬ್ಬಳಿಗೆ ಮೊದಲೇ ಗೊತ್ತಿತ್ತು, ಆದರೂ ಬಾಯಿ ಬಿಚ್ಚದೆ ನಿಂತಿದ್ದಳು!

ಶ್ರೀದೇವಿ ಅಳಲಿಲ್ಲ. ಕೌದಿಯನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು.

“ಇದು ನಮ್ಮವ್ವ ಸಾತವ್ವ ಹೊಲದದ್ರಿ. ನನ್ನ ಚೊಚ್ಚಲಕ್ಕ. ನನ್ನ ತವರು ತೇರದಾಳದಾಗ ಕ್ವಾಣಿ ಸಾರಿಸಿ, ಹೊರಸು ಹಾಕಿ ಕಾದಳು. ನೀವು ಕಳಸಲಿಲ್ಲ. ಮಗ್ಗದ ಮ್ಯಾಲ ಲಗ್ನದ ಸೀರಿ ಅದಾವು, ಕಂಡಿಕಿ ಸುತ್ತಾಕ ಯಾರದಾರ ಅಂದ್ರಿ. ನಾ ಇದ ಮನ್ಯಾಗ ಹಡದೆ. ನಮ್ಮವ್ವ ಬಸ್ಸಿಗೆ ಬಂದು ಕೂಸಿನ ಮಾರಿ ನೋಡಿ, ಕೌದಿ ಕೊಟ್ಟು, ಸಂಜೀ ಬಸ್ಸಿಗೆ ಹೋದಳು. ಅವತ್ತು ನಾ ಒಂದು ಮಾತು ಅಂದಿಲ್ರಿ ಅತ್ತಿ. ಇವತ್ತು ಕಳ್ಳಿ ಅಂದ್ರಿ. ಇನ್ನ ಈ ಮನ್ಯಾಗ ಹೆಂಗ ಇರ್ಲಿ?”

ಸೀರೆಗಳನ್ನು ಮಡಿಚಿ ಗಂಟು ಕಟ್ಟಿದಳು. ಹಿತ್ತಲಲ್ಲಿ ಆಡುತ್ತಿದ್ದ ಮಗಳನ್ನು ಕೈಹಿಡಿದು ಕರೆತಂದಳು. ಮಲ್ಲಿನಾಥ ತಲೆ ತಗ್ಗಿಸಿ ದಾರಿ ಬಿಟ್ಟ. ಅವಳು ಹೊಸ್ತಿಲ ಹತ್ತಿರ ಬಂದಾಗ ಭಾಗವ್ವನ ಎದೆ ಒಡೆದು ನೀರಾಯಿತು. ತನ್ನ ಮಗಳಿಗೊಂದು ನ್ಯಾಯ, ಮಂದಿ ಮಗಳಿಗೊಂದು ನ್ಯಾಯ! ತೇರದಾಳದಲ್ಲೂ ಒಬ್ಬಳು ತಾಯಿ ಅಂಟು ತರಿಸಿರಲಿಲ್ಲವೇ, ಹಳೆಯ ಸೀರೆ ಒಗೆದು ಇಟ್ಟಿರಲಿಲ್ಲವೇ? ಛೀ ನನ್ನ ಜನ್ಮ! ಎಂದುಕೊಂಡಳು.

“ನಿಲ್ಲು... ನಿಲ್ಲ ಶ್ರೀದೇವಿ!”

ಎಲ್ಲರ ಮುಂದೆ, ಬೋರವ್ವನ ಮುಂದೆಯೇ, ಸೊಂಟದ ಚಂಚಿ ಕಿತ್ತು ನೆಲಕ್ಕೆ ಕೊಡವಿದಳು. ಅಡಿಕೆ ಉರುಳಿತು, ಸುಣ್ಣದ ಡಬ್ಬಿ ಉರುಳಿತು. ಅವುಗಳ ನಡುವೆ ಗಂಗಾಳ ಮುಖವಿದ್ದ ಕಾರ್ಡು, ಅಂಚಿಗೆಲ್ಲ ಸುಣ್ಣ ಮೆತ್ತಿಕೊಂಡು ಬಿತ್ತು.

“ಕಳ್ಳಿ ಆಕಿ ಅಲ್ಲ, ನಾನು! ಮಗಳ ಬಾಣಂತನ ಮಾಡೋ ಆಸೀಗೆ ಮಗಳ ಸಂಸಾರಕ್ಕ ಕೈ ಹಾಕಿದೆ, ಸೊಸಿ ಮಾನಾನೂ ಕಳದೆ... ಬೋರವ್ವಾ, ಹೋಗು, ಓಣಿಗೆಲ್ಲಾ ಹೇಳು!” ಎಂದು ಗೋಡೆಗೆ ಹಣೆ ಹಚ್ಚಿ ಗೊಳೋ ಎಂದು ಅತ್ತಳು. ಬೋರವ್ವನಂಥ ಬೋರವ್ವನೂ ಸೆರಗು ಬಾಯಿಗೆ ಹಿಡಿದು ಸುಮ್ಮನೆ ಎದ್ದು ಹೋದಳು.

ಗಂಗಾ ಕಾರ್ಡನ್ನು ಎತ್ತಿಕೊಂಡು ಸೆರಗಿನಿಂದ ಸುಣ್ಣ ಒರೆಸಿದಳು. ಬೈದಿದ್ದರೆ ಭಾಗವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ತಾಯಿಯ ಮುಖವನ್ನೇ ನೋಡಲಿಲ್ಲ. ಎದ್ದು ಹೋಗಿ ಶ್ರೀದೇವಿಯ ಕೈ ಹಿಡಿದು, “ವೈನಿ, ಇವತ್ತೊಂದಿನ ಇರು. ನಾಳಿ ನನ್ನ ಗಾಡಿ ತೇರದಾಳದ ಮ್ಯಾಲ ಹೋಗತೈತಿ. ಕೂಡೇ ಹೋಗೂಣು,” ಎಂದಳು.

ಮರುದಿನ ಮುಂಜಾನೆ ಬಾಡಿಗೆ ಗಾಡಿ ಬಾಗಿಲಿಗೆ ಬಂತು. ಭಾಗವ್ವ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ ಇಟ್ಟುಕೊಂಡು ಬಂದಳು. ಹೊರಟ ಮಗಳಿಗೆ ಉಡಿ ತುಂಬಬೇಕಲ್ಲ! ಗಂಗಾ ಸೆರಗು ಒಡ್ಡಲಿಲ್ಲ.

“ವೈನಿ ತುಂಬಲಿ,” ಎಂದಳು.

ಭಾಗವ್ವ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಶ್ರೀದೇವಿ ನಾದಿನಿಯ ಉಡಿ ತುಂಬಿ, ತಟ್ಟೆಯನ್ನು ಕೆಳಗಿಟ್ಟು, ತನ್ನ ಗಂಟನ್ನು ಎತ್ತಿಕೊಳ್ಳಲು ಬಗ್ಗಿದಳು. ಆಗ ಭಾಗವ್ವ ತಟ್ಟೆ ಎತ್ತಿಕೊಂಡು ಅವಳೆದುರು ಬಂದು ನಿಂತಳು.

“ಸೆರಗು ಒಡ್ಡವ್ವ. ಎಂದೂ ನಿನ್ನ ಉಡಿ ತುಂಬಿ ತವರಿಗೆ ಕಳಸಲಿಲ್ಲ ನಾ. ಇವತ್ತರ...” ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಯನ್ನು ಹಿಡಿಹಿಡಿಯಾಗಿ ಸೊಸೆಯ ಉಡಿಗೆ ಹಾಕಿದಳು. “ಯಾವಾಗ ಬರ್ತೀ?”

“ಬರೂ ಮನಸಾದಾಗ ಬರ್ತೀನ್ರಿ ಅತ್ತಿ.”

ಎರಡು ದಿನಕ್ಕೆ ತಿರುಗಿ ಬರಬೇಕೆಂದು ಹೇಳಿಯೇ ಸೊಸೆಯನ್ನು ತವರಿಗೆ ಬಿಡುತ್ತಿದ್ದ ಭಾಗವ್ವ, “ಆತವ್ವ,” ಎಂದಳು. ಮಲ್ಲಿನಾಥ ಗಂಟನ್ನು ತಾನೇ ಎತ್ತಿ ಗಾಡಿಯಲ್ಲಿಟ್ಟ. ಚಿಕ್ಕ ಮಗಳನ್ನೂ ಎತ್ತಿ ಒಳಗೆ ಕೂಡಿಸಿದ.

ಗಾಡಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಗಂಗಾ ಬಾಗಿಲು ತೆರೆದು, ಹೊಟ್ಟೆಗೆ ಕೈಕೊಟ್ಟು, ಮೆಲ್ಲಗೆ ಇಳಿದಳು. ಬಂದು ತಾಯಿಯ ಮುಂದೆ ಸೆರಗು ಒಡ್ಡಿದಳು.

“ಅವ್ವಾ... ನನಗೂ ಒಂದು ಹಿಡಿ ಹಾಕು.”

ತಟ್ಟೆಯಲ್ಲಿ ಒಂದು ಹಿಡಿಗೂ ಕಡಿಮೆ ಅಕ್ಕಿ ಇತ್ತು. ಭಾಗವ್ವ ಅದನ್ನೇ ಬಾಚಿ, ಕಣ್ಣೀರು ಬೀಳದಂತೆ ಮುಖ ತಿರುಗಿಸಿಕೊಂಡು, ಮಗಳ ಉಡಿಗೆ ಹಾಕಿದಳು.

“ಹೋಗಿ ಅಲ್ಲೇ ಹಡಿ ನನ್ನವ್ವ. ಅದ ನಿನ್ನ ಮನಿ,” ಎಂದಳು.